ಗಿಟಾರ್ ತ್ರಯದ ಒಂದು ಧ್ವನಿಮುದ್ರಿಕೆ: ಅನುಕ್ತಾರ್ಥ ವಿಚಾರ

ವ್ಯಂಜಕತ್ವವು ವಾಚಕತ್ವಕ್ಕಿಂತ ಬೇರೆಯಾದೊಂದು ವ್ಯಾಪಾರವೆಂಬುದನ್ನು ಸ್ಥಾಪಿಸುವಾಗ ಆನಂದವರ್ಧನಾಚಾರ್ಯನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಗೀತಶಬ್ದವನ್ನು ನಿದರ್ಶನವಾಗಿ ತಂದಿರುವನು. ಗೀತದ ನಾದಕ್ಕೆ ವಾಚ್ಯಾರ್ಥವೆಂಬುದಿಲ್ಲ. ಆದರೂ ಅದರಿಂದ ರಸಭಾವಾದಿಗಳ ಪ್ರತೀತಿಯುಂಟಾಗುವುದು ಸರ್ವಾನುಭವಸಿದ್ಧ. ಆದುದರಿಂದ ಹೇಳದೆಯೇ ಹೊಳೆಯಿಸುವ ಶಕ್ತಿಯೊಂದುಂಟೆಂದು ಆಚಾರ್ಯನ ಅಭಿಪ್ರಾಯ. ಪಾಠಶಾಲೆಗಳಲ್ಲಿ ಈ ಪಂಕ್ತಿಯನ್ನು ಪ್ರತಿವಾದಿಯ ಬಾಯಿ ಮುಚ್ಚಿಸಲು ಬೇಕಾದಷ್ಟು ಮಾತ್ರ ಉಪಯೋಗಿಸಿಕೊಂಡು ಮುಂದಕ್ಕೆ ಸಾಗುವುದು ವಾಡಿಕೆ. ಆದರೆ ಅಲ್ಲಿಯೇ ಒಂದು ಪ್ರಶ್ನೆ ಉಳಿದುಕೊಂಡಿದೆ. ಕಾವ್ಯದಲ್ಲಿ ವ್ಯಂಗ್ಯಾರ್ಥವು ವಾಚ್ಯಾರ್ಥವನ್ನು ಮೆಟ್ಟಿಲಾಗಿ ಮಾಡಿಕೊಂಡು ತೋರುತ್ತದೆ. ಮಾತೇ ಇಲ್ಲದ ಕೇವಲ ವಾದ್ಯಸಂಗೀತದಲ್ಲಿ ಆ ಮೆಟ್ಟಿಲು ಯಾವುದು? ಮೆಟ್ಟಿಲೇ ಇಲ್ಲವೆಂದರೆ, ವಾದಕನು ಬೇಕೆಂದು ಬಿಟ್ಟದ್ದಕ್ಕೂ ಕೈಲಾಗದೆ ಬಿಟ್ಟದ್ದಕ್ಕೂ ಭೇದವನ್ನು ಹೇಗೆ ತಿಳಿಯತಕ್ಕದ್ದು?

ಈ ಪ್ರಶ್ನೆಗೆ ಉತ್ತರವನ್ನು ಪ್ರಕೃತ ಲೇಖನದಲ್ಲಿ ಹುಡುಕಿರುವುದು ನಮ್ಮ ವೀಣೆಯಲ್ಲಿ ಅಲ್ಲ, ಅಮೆರಿಕದ ಜಾಝ್ ಸಂಗೀತದ ಒಂದು ಧ್ವನಿಮುದ್ರಿಕೆಯಲ್ಲಿ. ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ಇದು ಅಸಂಗತವೆಂದು ತೋರಬಹುದು. ಲಕ್ಷಣವು ತಾನು ಹುಟ್ಟಿದ ಲಕ್ಷ್ಯಗಳಲ್ಲಿ ಸಲ್ಲುವುದು ಸಹಜ; ತನ್ನನ್ನು ಕನಸಿನಲ್ಲಿಯೂ ಕಾಣದಿದ್ದ ಲಕ್ಷ್ಯದಲ್ಲಿ ಸಂದಾಗ ಅದರ ಬಲವು ಗೊತ್ತಾಗುತ್ತದೆ. ಸಲ್ಲದೆ ಹೋದರೆ ಅದನ್ನೂ ತಿಳಿದಿರುವುದು ಒಳ್ಳೆಯದೇ. ಜಾಝ್ ಎಂದರೆ ಕುಣಿತದ ಗದ್ದಲವೆಂದು ನಂಬಿರುವ ಪಂಡಿತರು ನಮ್ಮಲ್ಲಿ ಇನ್ನೂ ಇರುವರು. ಅವರು ಈ ಮುದ್ರಿಕೆಯನ್ನು ಒಂದು ಸಲ ಕೇಳಿದರೆ ಗದ್ದಲವೆಂಬ ಮಾತನ್ನಾದರೂ ಹಿಂದೆಗೆದುಕೊಳ್ಳುವರು. ಇಷ್ಟು ಮೆತ್ತಗೆ, ಇಷ್ಟು ಎಚ್ಚರದಿಂದ ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸುವ ಮೂವರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಮುದ್ರಿಕೆಯ ಹೆಸರು ‘ಜಿಮ್ ಹಾಲ್ ಲೈವ್!’ ಎಂದು. ‘ಲೈವ್’ ಎಂದರೆ ಶ್ರೋತೃಗಳ ಸಮ್ಮುಖದಲ್ಲಿ ನುಡಿಸಿದಂತೆಯೇ ಹಿಡಿದಿಟ್ಟುದು ಎಂದರ್ಥ. 1975ನೆಯ ಇಸವಿ ಜೂನ್ ತಿಂಗಳಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಬರ್ಬನ್ ಸ್ಟ್ರೀಟ್ ಎಂಬ ಕ್ಲಬ್ಬಿನಲ್ಲಿ ನಡೆದ ವಾದನವಿದು. ಎ ಅಂಡ್ ಎಂ ಸಂಸ್ಥೆಯವರು ತಮ್ಮ ಹೊರೈಜನ್ ಎಂಬ ಶಾಖೆಯ ಮೂಲಕ ಇದನ್ನು ಪ್ರಕಟಿಸಿದರು. ಗಿಟಾರ್ ನುಡಿಸಿದವರು ಜಿಮ್ ಹಾಲ್. ಬಾಸ್, ಎಂದರೆ ಆಳೆತ್ತರದ ನಾಲ್ಕು ತಂತಿಯ ಮಂದ್ರವಾದ್ಯ, ಡಾನ್ ಥಾಮ್ಸನ್. ಡ್ರಮ್ಸ್, ಟೆರಿ ಕ್ಲಾರ್ಕ್. ಈ ಕಡೆಯ ಇಬ್ಬರೂ ಕೆನಡಾದವರು. 1965ರಲ್ಲಿ ಮಾಂಟೆರೆ ಉತ್ಸವದಲ್ಲಿ ಜಾನ್ ಹ್ಯಾಂಡಿಯವರ ಮೇಳದಲ್ಲಿ ಜೊತೆಯಾಗಿ ನುಡಿಸಿ ಹೆಸರಾದವರು. ಧ್ವನಿಮುದ್ರಣವನ್ನು ಮಾಡಿದವರೂ ಥಾಮ್ಸನ್ನರೇ ಎಂಬುದು ಗಮನಿಸತಕ್ಕ ವಿಷಯ: ವಾದಕನೇ ಲಿಪಿಕಾರನಾದುದರಿಂದ ಹಸ್ತಪ್ರತಿಯಲ್ಲಿ ದೋಷಗಳು ಕಡಮೆ. ಇದರಲ್ಲಿರುವುದು ಐದೇ ಕೃತಿಗಳು.

ಹಾಲರ ಜೀವನವನ್ನು ವಿಸ್ತರಿಸುವ ಅವಶ್ಯವಿಲ್ಲ. 1930ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದಲ್ಲಿ ಜನಿಸಿ, 2013ರಲ್ಲಿ ತೀರಿಕೊಂಡರು. ಹದಿಮೂರನೆಯ ವಯಸ್ಸಿನಲ್ಲಿ ಚಾರ್ಲಿ ಕ್ರಿಶ್ಚಿಯನ್ನರ ಗಿಟಾರಿನ ಮುದ್ರಿಕೆಯೊಂದನ್ನು ಕೇಳಿದ್ದು ಅವರ ದಾರಿಯನ್ನು ನಿಶ್ಚಯಿಸಿತು. ಕ್ಲೀವ್ಲೆಂಡಿನ ಸಂಗೀತ ವಿದ್ಯಾಲಯದಲ್ಲಿ ಶಾಸ್ತ್ರೀಯವಾದ ಶಿಕ್ಷಣವನ್ನು ಪಡೆದು 1955ರಲ್ಲಿ ಪದವೀಧರರಾದರು. ಅವರ ವಾದನದಲ್ಲಿ ಕೈಚಳಕಕ್ಕಿಂತ ಕಟ್ಟುವ ಬುದ್ಧಿ ಮುಂದಾಗಿರುವುದಕ್ಕೆ ಆ ಶಿಕ್ಷಣವೂ ಒಂದು ಕಾರಣವೆನ್ನಬಹುದು.

ಇನ್ನು ವಿಷಯದ ಪ್ರವೇಶಕ್ಕಾಗಿ ಜಾಝಿನ ಕಟ್ಟಳೆಯನ್ನು ಸ್ವಲ್ಪ ಹೇಳಬೇಕಾಗಿದೆ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ನುಡಿದು ಒಂದು ಗುಚ್ಛವಾಗುವುವು. ಕಾರ್ಡ್ ಎಂದು ಅವರು ಕರೆಯುವುದನ್ನು ಇಲ್ಲಿ ಸ್ವರಗುಚ್ಛವೆನ್ನೋಣ. ಒಂದೊಂದು ಹಾಡಿಗೂ ಒಂದೊಂದು ಗುಚ್ಛಕ್ರಮವಿರುವುದು. ಯಾವ ಆವರ್ತದಲ್ಲಿ ಯಾವ ಗುಚ್ಛ ಬರಬೇಕೆಂಬುದು ನಿಯತವಾಗಿರುವುದು. ಜಾಝಿನವರು ಬಳಸುವ ಹಾಡುಗಳ ಸಾಮಾನ್ಯ ಅಳತೆ ಮೂವತ್ತೆರಡು ಆವರ್ತಗಳು: ಎಂಟೆಂಟು ಆವರ್ತಗಳ ನಾಲ್ಕು ಖಂಡ. ಮೊದಲನೆಯ ಖಂಡವೇ ಎರಡನೆಯದಾಗಿಯೂ ನಾಲ್ಕನೆಯದಾಗಿಯೂ ಪುನರುಕ್ತವಾಗುತ್ತದೆ. ಮೂರನೆಯದು ಮಾತ್ರ ಬೇರೆ, ಅದನ್ನು ಮಧ್ಯಖಂಡವೆಂದು ಕರೆಯೋಣ. ವಾದಕರು ಮೊದಲು ಹಾಡಿನ ಧಾಟಿಯನ್ನು ನುಡಿಸುವರು. ಅನಂತರ ಧಾಟಿಯನ್ನು ಬಿಟ್ಟು, ಮೂವತ್ತೆರಡು ಆವರ್ತಗಳ ಅಳತೆಯನ್ನೂ ಗುಚ್ಛಕ್ರಮವನ್ನೂ ಮಾತ್ರ ಉಳಿಸಿಕೊಂಡು, ಅದೇ ಚೌಕಟ್ಟನ್ನು ಮತ್ತೆ ಮತ್ತೆ ಸುತ್ತುತ್ತ, ಸರದಿಯಂತೆ ಸ್ವಂತ ಮನೋಧರ್ಮದಿಂದ ಹೊಸ ಧಾಟಿಗಳನ್ನು ಕಟ್ಟುವರು. ಕಡೆಗೆ ಮೂಲದ ಧಾಟಿಗೆ ಮರಳುವರು.

ಶಾರ್ಙ್ಗದೇವನ ಸಂಗೀತರತ್ನಾಕರವನ್ನು ಓದಿದವರಿಗೆ ಇದು ಪ್ರಕೀರ್ಣಕಾಧ್ಯಾಯದ ರೂಪಕಾಲಪ್ತಿಯನ್ನು ನೆನಪಿಗೆ ತರದೆ ಇರದು. ಪ್ರಬಂಧದ ರಾಗವನ್ನೂ ತಾಳವನ್ನೂ ಬಿಡದೆ ಮಾಡುವ ಆಲಪ್ತಿ ಅದು. ಅದರಲ್ಲಿ ಭಂಜನಿಯೆಂಬ ಭೇದದಲ್ಲಿ, ಅಳತೆಯನ್ನು ಹಾಗೆಯೇ ಇಟ್ಟುಕೊಂಡು ರೂಪಕವನ್ನು ಬಗೆಬಗೆಯಾಗಿ ಒಡೆದು ಹಾಡುವುದೇ ಲಕ್ಷಣ. ವಿಜಯನಗರದಲ್ಲಿದ್ದ ಕಲ್ಲಿನಾಥನು ವ್ಯಾಖ್ಯಾನ ಬರೆದ ಗ್ರಂಥವಾದುದರಿಂದ ನಮಗೆ ಇದರಲ್ಲಿ ವಿಶೇಷ ಮಮತೆಯಿರುವುದು ಸಹಜ. ಆದರೆ ಸಾಮ್ಯವನ್ನು ಇಲ್ಲಿಗೇ ನಿಲ್ಲಿಸಬೇಕು. ರೂಪಕಾಲಪ್ತಿಯಲ್ಲಿ ಅಚಲವಾಗಿ ನಿಲ್ಲುವುದು ರಾಗ. ಜಾಝಿನಲ್ಲಿ ಅಚಲವಾಗಿರುವುದು ಗುಚ್ಛಗಳ ಸಾಲು. ಆ ಸಾಲು ಚಲಿಸುತ್ತಿರುವಾಗ ವಾದಕನು ಹಿಡಿಯಬಹುದಾದ ಸ್ವರಗಳು ಆವರ್ತದಿಂದ ಆವರ್ತಕ್ಕೆ ಬದಲಾಗುತ್ತಿರುತ್ತವೆ. ಇದೆಲ್ಲವೂ ನಮ್ಮಲ್ಲಿ ಹಿಂದೆಯೇ ಇತ್ತೆಂದು ಬೀಗುವುದರಿಂದ ನಮ್ಮದೂ ತಿಳಿಯುವುದಿಲ್ಲ, ಅವರದೂ ತಿಳಿಯುವುದಿಲ್ಲ. ಈ ಕಲೆಯನ್ನು ಹುಟ್ಟಿಸಿ ಬೆಳೆಸಿದವರು ಅಮೆರಿಕದಲ್ಲಿ ದಾಸ್ಯವನ್ನುಂಡ ಆಫ್ರಿಕಾ ಮೂಲದ ಜನ. ಈ ಮುದ್ರಿಕೆಯ ಐದು ಕೃತಿಗಳಲ್ಲಿ ಎರಡು ಆ ಪರಂಪರೆಯ ಇಬ್ಬರು ಮಹಾರಥರವು.

ಈಗ ತ್ರಯದ ವಿಷಯ. ಜಾಝ್ ಮೇಳದಲ್ಲಿ ಗುಚ್ಛಗಳನ್ನು ತುಂಬಿ ನುಡಿಸುವ ಹೊಣೆ ಸಾಮಾನ್ಯವಾಗಿ ಪಿಯಾನೊದ್ದು. ಹತ್ತು ಬೆರಳುಗಳು ಎಂಬತ್ತೆಂಟು ಕಟ್ಟೆಗಳ ಮೇಲೆ ಓಡಾಡುವಲ್ಲಿ ಹೇಳದೆ ಉಳಿಯುವುದೇನೂ ಇರುವುದಿಲ್ಲ. ಆ ಪಿಯಾನೊವನ್ನು ತೆಗೆದು ಗಿಟಾರ್, ಬಾಸ್, ಡ್ರಮ್ಸ್ ಈ ಮೂರನ್ನೇ ಉಳಿಸಿದರೆ, ಆರು ತಂತಿಯ ಗಿಟಾರಿನ ಮೇಲೆ ಎರಡು ಭಾರಗಳು ಬೀಳುತ್ತವೆ. ಗಾಯಕನೂ ಅದೇ, ಪಕ್ಕವಾದ್ಯವೂ ಅದೇ ಆಗಬೇಕು. ಒಂದೊಂದೇ ಸ್ವರದ ಧಾಟಿಯನ್ನು ನುಡಿಸುತ್ತಿರುವಾಗ ಗುಚ್ಛವನ್ನು ನುಡಿಸುವವರಿಲ್ಲ. ಗುಚ್ಛವನ್ನು ನುಡಿಸಹೋದರೆ ಧಾಟಿ ತಡೆಯುತ್ತದೆ. ಇದಕ್ಕೆ ಹಿಂದಿನವರು ಬೇರೆ ಬೇರೆ ಪರಿಹಾರಗಳನ್ನು ಕಂಡುಕೊಂಡಿದ್ದರು. ನ್ಯಾಟ್ ಕಿಂಗ್ ಕೋಲರ ಪ್ರಸಿದ್ಧ ತ್ರಯದಲ್ಲಿ ಪಿಯಾನೊ ಉಂಟು, ಡ್ರಮ್ಸ್ ಇಲ್ಲ. ವೆಸ್ ಮಾಂಟ್ಗಮರಿಯವರ 1959ರ ತ್ರಯದಲ್ಲಿ ಆರ್ಗನ್ ವಾದ್ಯವು ಗುಚ್ಛಗಳ ಭಾರವನ್ನು ಹೊತ್ತಿತು. 1957ರಲ್ಲಿ ಬಾರ್ನಿ ಕೆಸೆಲ್, ರೇ ಬ್ರೌನ್, ಶೆಲಿ ಮ್ಯಾನ್ ಎಂಬ ಮೂವರು ‘ದಿ ಪೋಲ್ ವಿನ್ನರ್ಸ್’ ಎಂಬ ಹೆಸರಿನಿಂದ ಗಿಟಾರ್, ಬಾಸ್, ಡ್ರಮ್ಸ್ ಮಾತ್ರವೇ ಇರುವ ಮುದ್ರಿಕೆಯನ್ನು ಮಾಡಿದರು. ಅಲ್ಲಿ ಕೆಸೆಲ್ಲರು ಧಾಟಿಯ ನಡುನಡುವೆ ಗುಚ್ಛಗಳನ್ನು ಬಲವಾಗಿ ಮೀಟಿ ಎಡೆಗಳನ್ನು ತುಂಬುತ್ತಾರೆ. ಅದು ಸಮರ್ಥವಾದ ವಾದನ, ಕೇಳಲು ಹುರುಪು ಕೊಡುವಂಥದು. ಆದರೆ ಪಿಯಾನೊ ಇಲ್ಲವೆಂಬ ಕೊರತೆಯನ್ನು ನೀಗಿಸುವ ಪ್ರಯತ್ನವೆಂಬುದು ಅದರಲ್ಲಿ ಮರೆಯಾಗುವುದಿಲ್ಲ.

ಹಾಲರ ಮಾರ್ಗ ಇದಕ್ಕೆ ವಿರುದ್ಧವಾದುದು. ಅವರು ಎಡೆಯನ್ನು ತುಂಬಲಿಲ್ಲ, ಎಡೆಯನ್ನೇ ಉಪಯೋಗಿಸಿಕೊಂಡರು. ಈ ಮಾರ್ಗಕ್ಕೆ ಬರಲು ಅವರಿಗೆ ಹದಿನೆಂಟು ವರ್ಷಗಳು ಹಿಡಿದುವು. 1957ರಲ್ಲಿಯೇ ಅವರ ಹೆಸರಿನ ಮೊದಲ ಮುದ್ರಿಕೆ ಹೊರಟಿತು: ಕಾರ್ಲ್ ಪರ್ಕಿನ್ಸರ ಪಿಯಾನೊ, ರೆಡ್ ಮಿಚೆಲ್ಲರ ಬಾಸ್, ಇವರ ಗಿಟಾರ್; ಡ್ರಮ್ಸ್ ಇಲ್ಲ. ಕೆಲವು ವರ್ಷಗಳ ಅನಂತರ ಅದನ್ನು ಮತ್ತೆ ಹೊರತಂದವರು, ಮೂವರ ವಾದನ ಬರಿದಾಗಿದೆಯೆಂದು ಭಾವಿಸಿಯೋ ಏನೋ, ಲ್ಯಾರಿ ಬಂಕರರ ಡ್ರಮ್ಸನ್ನು ಅದರ ಮೇಲೆ ಲೇಪಿಸಿದರು! ಕವಿಯು ಬೇಕೆಂದು ಬಿಟ್ಟ ಮಾತನ್ನು ಗ್ರಂಥಪಾತವೆಂದು ಭ್ರಮಿಸಿ ಸ್ವಂತ ಅಕ್ಷರಗಳನ್ನು ತುರುಕುವ ಸಂಪಾದಕರು ನಮ್ಮಲ್ಲಿಯೂ ಇರುವುದರಿಂದ ಈ ಸಂಗತಿ ನಮಗೆ ತೀರ ಅಪರಿಚಿತವೇನಲ್ಲ. 1962ರಲ್ಲಿ ಸೋನಿ ರಾಲಿನ್ಸರ ‘ದಿ ಬ್ರಿಡ್ಜ್’ ಮುದ್ರಿಕೆಯಲ್ಲಿ ಪಿಯಾನೊ ಇಲ್ಲದ ಮೇಳದಲ್ಲಿ ಹಾಲರು ಸ್ಯಾಕ್ಸೊಫೋನಿಗೆ ಪಕ್ಕವಾದ್ಯ ನುಡಿಸಿದರು. ಎಷ್ಟು ಕಡಮೆ ಸ್ವರಗಳಲ್ಲಿ ಗುಚ್ಛವನ್ನು ಸೂಚಿಸಬಹುದೆಂಬುದನ್ನು ಅಲ್ಲಿ ಕಾಣಬಹುದು.

ಸೂಚಿಸುವ ಬಗೆ ಹೀಗೆ. ಗುಚ್ಛದಲ್ಲಿ ನಾಲ್ಕೈದು ಸ್ವರಗಳಿದ್ದರೂ ಅದರ ಜಾತಿಯನ್ನು ನಿರ್ಣಯಿಸುವುವು ಮುಖ್ಯವಾಗಿ ಎರಡೇ: ಆಧಾರದಿಂದ ಮೂರನೆಯದು, ಏಳನೆಯದು. ಆಧಾರಸ್ವರವನ್ನು ಬಾಸ್ ನುಡಿಯುತ್ತದೆ. ಉಳಿದೆರಡನ್ನು ಗಿಟಾರ್ ಮುಟ್ಟಿದರೆ ಸಾಕು, ಕೇಳುವವನ ಕಿವಿ ಮಿಕ್ಕುದನ್ನು ತುಂಬಿಕೊಳ್ಳುತ್ತದೆ. ಮುಂದೆ ಅಭ್ಯಾಸ ಬಲಿತಂತೆ ಎರಡರಲ್ಲಿ ಒಂದನ್ನು ಬಿಡಬಹುದು. ಕಡೆಗೆ ಎರಡನ್ನೂ ಬಿಟ್ಟು, ಧಾಟಿಯ ಬಾಗಿನಿಂದಲೇ ಗುಚ್ಛವನ್ನು ಹೊಳೆಯಿಸಬಹುದು. ಹಾಲರ ಗಿಟಾರು ವಿದ್ಯುತ್ತಿನ ಧ್ವನಿವರ್ಧಕಕ್ಕೆ ಕೂಡಿಕೊಂಡದ್ದು. ಇತರರು ಆ ಯಂತ್ರದಿಂದ ನಾದವನ್ನು ದೊಡ್ಡದು ಮಾಡಿಕೊಂಡರೆ, ಇವರು ತಂತಿಯನ್ನು ಎಷ್ಟು ಮೆಲ್ಲಗೆ ಮುಟ್ಟಿದರೂ ಕೇಳಿಸುವಂತೆ ಮಾಡಿಕೊಂಡರು. ಯಂತ್ರವೊಂದೇ, ಉಪಯೋಗದಲ್ಲಿ ಸ್ವಭಾವ ಕಾಣುತ್ತದೆ.

ಇಲ್ಲಿ ಪೂರ್ವಪಕ್ಷಿಯು ಏಳುವನು. “ಬಿಟ್ಟದ್ದೆಲ್ಲ ಧ್ವನಿಯೆಂದರೆ ಮೂಗನೇ ಮಹಾಕವಿಯಾಗಬೇಕಾದೀತು. ಹತ್ತು ಸ್ವರ ನುಡಿಸಬೇಕಾದಲ್ಲಿ ಎರಡನ್ನು ನುಡಿಸಿದವನ ಕೊರತೆಯನ್ನು ಸಂಯಮವೆಂದು ಹೊಗಳುವುದು ವಿಮರ್ಶಕನ ದಾಕ್ಷಿಣ್ಯವಲ್ಲದೆ ಮತ್ತೇನು?” ಎಂದು. ಆಕ್ಷೇಪಣೆ ಬಲವಾದುದು. ಲೇಖನದ ಮೊದಲಲ್ಲಿ ಕೇಳಿದ ಮೆಟ್ಟಿಲಿನ ಪ್ರಶ್ನೆಯೂ ಇದೇ.

ಉತ್ತರವನ್ನು ನಮ್ಮ ಕಂದಪದ್ಯದಿಂದ ಹೇಳುವುದು ಸುಲಭ. ಕಂದದ ಅರ್ಧದಲ್ಲಿ ನಾಲ್ಕು ಮಾತ್ರೆಯ ಗಣಗಳು ಎಂಟು. ಬೆಸಸ್ಥಾನಗಳಲ್ಲಿ ಜಗಣ ಬರಕೂಡದು. ಆರನೆಯ ಗಣವು ಜಗಣವೋ ಸರ್ವಲಘುವೋ ಆಗಿಯೇ ತೀರಬೇಕು. ನೂರಾರು ಕಂದಗಳನ್ನು ಓದಿದವನ ಕಿವಿಗೆ ಆರನೆಯ ಗಣವು ಬರುವುದಕ್ಕೆ ಮೊದಲೇ ಅದರ ನಡೆ ಗೊತ್ತಿರುತ್ತದೆ. ಬಲ್ಲ ಕವಿಯು ಪದವನ್ನು ಗಣದ ಎಲ್ಲೆಯಲ್ಲಿ ಮುಗಿಸದೆ ಮುಂದಿನ ಗಣಕ್ಕೆ ಚಾಚುವನು, ವಾಕ್ಯವನ್ನು ಪಾದದ ಕೊನೆಯಲ್ಲಿ ನಿಲ್ಲಿಸದೆ ಮುಂದಿನ ಪಾದದ ನಡುವಿನಲ್ಲಿ ನಿಲ್ಲಿಸುವನು; ವೃತ್ತಗಳಲ್ಲಿಯಂತೂ ಯತಿಯನ್ನು ದಾಟುವುದನ್ನು ಕನ್ನಡ ಕವಿಗಳು ದೋಷವೆಂದೆಣಿಸಲೇ ಇಲ್ಲ. ಹಾಗೆ ದಾಟಿದಾಗ ಎಲ್ಲೆಯು ಅಳಿಸಿಹೋಗುವುದೇ? ಇಲ್ಲ. ಅದು ಮಾತಿನಲ್ಲಿ ಕಾಣದೆ ಕಿವಿಯಲ್ಲಿ ನಿಲ್ಲುತ್ತದೆ; ಮಾತಿನ ನಿಲುಗಡೆಗೂ ಛಂದಸ್ಸಿನ ನಿಲುಗಡೆಗೂ ನಡುವೆ ಹುಟ್ಟುವ ಸೆಣಸಿನಿಂದಲೇ ಪದ್ಯಕ್ಕೆ ಓಟ ಬರುತ್ತದೆ. ಛಂದಸ್ಸನ್ನರಿಯದವನು ಬರೆದ ಪದ್ಯದಲ್ಲಿಯೂ ಪದಗಳು ಎಲ್ಲೆಯನ್ನು ದಾಟುತ್ತವೆ. ಆದರೆ ಅಲ್ಲಿ ದಾಟಲು ಎಲ್ಲೆಯೇ ಇರುವುದಿಲ್ಲ.

ಜಾಝಿನ ಒಂದು ಖಂಡದಲ್ಲಿ ನಾಲ್ಕೆಣಿಕೆಯ ಎಂಟು ಆವರ್ತಗಳಿರುವುದೂ, ಕಂದದ ಅರ್ಧದಲ್ಲಿ ನಾಲ್ಕು ಮಾತ್ರೆಯ ಎಂಟು ಗಣಗಳಿರುವುದೂ ಕಾಕತಾಳೀಯ. ಇದರಿಂದ ಯಾವ ಸಂಬಂಧವನ್ನೂ ಕಲ್ಪಿಸತಕ್ಕುದಲ್ಲ. ಆದರೆ ನ್ಯಾಯ ಒಂದೇ. ಥಾಮ್ಸನ್ನರ ಬಾಸ್ ಮತ್ತು ಕ್ಲಾರ್ಕರ ಡ್ರಮ್ಸ್ ಮೂವತ್ತೆರಡು ಆವರ್ತಗಳ ಲೆಕ್ಕವನ್ನು ಎಲ್ಲಿಯೂ ಕೈಬಿಡುವುದಿಲ್ಲ. ಹಾಲರು ಒಂದೆರಡು ಆವರ್ತ ಸುಮ್ಮನಿದ್ದರೂ ಆ ಆವರ್ತಗಳ ಗುಚ್ಛವು ಸುಮ್ಮನಿರುವುದಿಲ್ಲ. ಅದು ಬರಬೇಕಾದಲ್ಲಿ ಬಂದು ಹೋಗಬೇಕಾದಲ್ಲಿ ಹೋಗುತ್ತದೆ. ಆದುದರಿಂದ ಮಾತಿಲ್ಲದ ಈ ಸಂಗೀತದಲ್ಲಿ ವಾಚ್ಯಸ್ಥಾನದಲ್ಲಿರುವುದು ಚೌಕಟ್ಟು. ಅದು ಎಲ್ಲರಿಗೂ ಸಮಾನವಾಗಿ ತಿಳಿದಿರುವ, ತಪ್ಪಿದರೆ ಎಲ್ಲರಿಗೂ ಗೊತ್ತಾಗುವ ನಿಯತಕ್ರಮ. ವಾದಕನು ಬಿಟ್ಟ ಸ್ವರ ಯಾವುದೆಂಬುದನ್ನು ಆ ಕ್ರಮವೇ ನಿರ್ಣಯಿಸುತ್ತದೆ. ಹಾಗೆ ನಿರ್ಣೀತವಾದ ಅನುಕ್ತವು ಮಾತ್ರ ವ್ಯಂಗ್ಯವಾಗಬಲ್ಲುದು. ಮೂಗನ ಮೌನದಲ್ಲಿ ಅನುಕ್ತವು ಅನಿರ್ಣೀತವಾಗಿರುವುದರಿಂದ ಅತಿಪ್ರಸಂಗವಿಲ್ಲ.

ಹಾಡನ್ನು ಮೊದಲೇ ಅರಿಯದ ಶ್ರೋತೃವಿನ ಗತಿಯೇನು ಎಂದರೆ, ಅವನಿಗೆ ಮುದ್ರಿಕೆಯೇ ಗುರು. ಧಾಟಿಯನ್ನು ಮೊದಲು ನುಡಿಸುವ ಕಟ್ಟಳೆ ಇದಕ್ಕಾಗಿಯೇ ಇದೆ. ಮೇಲಾಗಿ ಧಾಟಿಯೊಳಗೇ ಮೊದಲ ಖಂಡವು ಮೂರು ಸಲ ಬರುತ್ತದೆ. ಚೌಕಟ್ಟು ನಾಲ್ಕೈದು ಸುತ್ತು ಸುತ್ತುವಷ್ಟರಲ್ಲಿ ಶಾಸ್ತ್ರವರಿಯದವನ ಮೈಯೂ ಅದನ್ನು ಕಲಿತಿರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಈ ಹಾಡುಗಳ ಹೆಸರನ್ನು ಸಹ ಕೇಳದಿದ್ದವರು, ಮಧ್ಯಖಂಡವು ಮುಗಿದು ಮೊದಲ ಖಂಡ ಮರಳುವ ಸ್ಥಾನವನ್ನು ಎರಡು ದಿನಗಳಲ್ಲಿ ಬೆರಳೆತ್ತಿ ತೋರಿಸುವಂತಾದರು.

ಇನ್ನು ಕೃತಿಗಳನ್ನು ನೋಡೋಣ. ಪ್ರಕೃತ ವಿಚಾರಕ್ಕೆ ಎಲ್ಲಕ್ಕಿಂತ ಉಪಯುಕ್ತವಾದುದು ಮೂರನೆಯದಾದ ‘ಸ್ಕ್ರ್ಯಾಪಲ್ ಫ್ರಮ್ ದಿ ಆಪಲ್’. ಚಾರ್ಲಿ ಪಾರ್ಕರ್ ಇದನ್ನು 1947ರಲ್ಲಿ ಮುದ್ರಿಸಿದರು. ಇದರ ರಚನಾಕ್ರಮ ವಿಚಿತ್ರವಾಗಿದೆ. ಫ್ಯಾಟ್ಸ್ ವಾಲರರ ‘ಹನಿಸಕಲ್ ರೋಸ್’ ಎಂಬ ಹಾಡಿನ ಮೊದಲ ಖಂಡದ ಗುಚ್ಛಕ್ರಮವನ್ನೂ ಗರ್ಷ್‌ವಿನ್ನರ ‘ಐ ಗಾಟ್ ರಿದಮ್’ ಎಂಬ ಹಾಡಿನ ಮಧ್ಯಖಂಡದ ಗುಚ್ಛಕ್ರಮವನ್ನೂ ತೆಗೆದುಕೊಂಡು, ಎರಡರ ಧಾಟಿಗಳನ್ನೂ ಕಿತ್ತೊಗೆದು, ಆ ಬರಿಯ ಹಂದರದ ಮೇಲೆ ಪಾರ್ಕರ್ ಹೊಸ ಧಾಟಿಯನ್ನು ಹಬ್ಬಿಸಿದರು. ಸಮಸ್ಯಾಪೂರಣದಲ್ಲಿ ಕೊಟ್ಟ ಪಾದವೊಂದು ಉಳಿದು ಮಿಕ್ಕ ಪಾದಗಳನ್ನು ಕವಿ ಕಟ್ಟುವನು. ಇಲ್ಲಿ ಪಾದವೊಂದೂ ಉಳಿಯದೆ ಛಂದಸ್ಸು ಮತ್ತು ಅನ್ವಯಕ್ರಮ ಮಾತ್ರ ಉಳಿದಂತಾಯಿತು. ಅದಕ್ಕಿಂತ ವಿಶೇಷವೆಂದರೆ, ಮೊದಲ ಖಂಡಕ್ಕೆ ಧಾಟಿ ಕಟ್ಟಿದ ಪಾರ್ಕರ್ ಮಧ್ಯಖಂಡಕ್ಕೆ ಏನನ್ನೂ ಕಟ್ಟಲಿಲ್ಲ. ಆ ಎಂಟು ಆವರ್ತಗಳನ್ನು ನುಡಿಸುವವನ ಆ ಕ್ಷಣದ ಮನೋಧರ್ಮಕ್ಕೆ ಬಿಟ್ಟರು. ಹೀಗೆ ಕೃತಿಯ ಶರೀರದಲ್ಲಿಯೇ ಕರ್ತೃವು ಬೇಕೆಂದು ಇಟ್ಟ ಕಿಟಕಿಯೊಂದಿದೆ.

ಈ ಕೃತಿಯನ್ನು ವೇಗವಾಗಿ, ಸ್ವರಗಳ ಸುರಿಮಳೆಯೊಡನೆ ನುಡಿಸುವುದು ವಾಡಿಕೆ; ಪಾರ್ಕರ್ ಅನುಯಾಯಿಗಳಲ್ಲಿ ಅನೇಕರಿಗೆ ಅದು ಪಾಟವಪ್ರದರ್ಶನದ ಅಂಗಣವಾಗಿದೆ. ಹಾಲರು ಆ ದಾರಿ ಹಿಡಿಯದೆ, ಎರಡು ಮೂರು ಸ್ವರಗಳ ಚಿಕ್ಕ ತುಣುಕನ್ನು ಎತ್ತಿಕೊಂಡು, ಅದನ್ನೇ ಎಣಿಕೆಯ ಬೇರೆ ಬೇರೆ ಸ್ಥಾನಗಳಲ್ಲಿ ಇಟ್ಟು ನೋಡುತ್ತಾರೆ. ಗುಚ್ಛ ಬದಲಾದಂತೆ ತುಣುಕಿನ ಒಂದು ಸ್ವರವನ್ನು ಮಾತ್ರ ತಿದ್ದಿ, ಮಿಕ್ಕುದನ್ನು ಹಾಗೆಯೇ ಉಳಿಸುತ್ತಾರೆ. ತಿದ್ದಿದ ಆ ಒಂದು ಸ್ವರವೇ ಗುಚ್ಛ ಬದಲಾಯಿತೆಂಬುದನ್ನು ಸೂಚಿಸುತ್ತದೆ. ಯಮಕದಲ್ಲಿ ಅಕ್ಷರಗಳು ಅವೇ ಇದ್ದು ಅರ್ಥ ಬೇರೆಯಾಗುವಂತೆ ಇಲ್ಲಿ ಸ್ವರಗಳು ಬಹುಮಟ್ಟಿಗೆ ಅವೇ ಇದ್ದು ಅವುಗಳ ಸಂಬಂಧ ಬೇರೆಯಾಗುತ್ತದೆ. ಯಮಕವು ಕವಿಗಳ ಕೈಯಲ್ಲಿ ಬಹುವೇಳೆ ರಸಕ್ಕೆ ಕಂಟಕವಾಗಿರುವುದುಂಟು, ಇಲ್ಲಿ ಹಾಗಾಗಿಲ್ಲ. ಏಕೆಂದರೆ ಹಾಲರು ಅದನ್ನು ಪ್ರದರ್ಶಿಸುವುದಿಲ್ಲ, ಅಷ್ಟು ಸಾಕೆಂದು ತೋರಿ ಬಿಟ್ಟುಬಿಡುತ್ತಾರೆ.

‘ಐ ಹಿಯರ್ ಎ ರ‍್ಯಾಪ್ಸಡಿ’ ಮುದ್ರಿಕೆಯ ಕಡೆಯ ಕೃತಿ. ಐದರಲ್ಲಿ ಇದೇ ಉತ್ತಮವೆಂದು ನನ್ನ ನಿರ್ಣಯ. ಈ ಹಾಡನ್ನು ಹಾಲರು 1962ರಲ್ಲಿ ಪಿಯಾನೊ ವಾದಕ ಬಿಲ್ ಎವನ್ಸರೊಡನೆ ‘ಅಂಡರ್‌ಕರಂಟ್’ ಎಂಬ ಮುದ್ರಿಕೆಯಲ್ಲಿ ನುಡಿಸಿದ್ದರು. ಅಲ್ಲಿ ಇರುವವರು ಇಬ್ಬರೇ. ಬಾಸ್, ಡ್ರಮ್ಸ್ ಎರಡೂ ಇಲ್ಲ. ಎರಡು ಮುದ್ರಿಕೆಗಳನ್ನು ಒಂದಾದ ಮೇಲೊಂದು ಕೇಳಿದವರಿಗೆ ಅನುಕ್ತದ ಸ್ಥಾನ ಹೇಗೆ ಬದಲಾಗುವುದೆಂಬುದು ಸ್ಪಷ್ಟವಾಗುತ್ತದೆ. 1962ರಲ್ಲಿ ಗುಚ್ಛಗಳನ್ನು ಹೇಳಲು ಪಿಯಾನೊ ಇತ್ತು, ಲಯವನ್ನು ಹೇಳುವವರಿರಲಿಲ್ಲ. ಆದುದರಿಂದ ಅಲ್ಲಿ ಹೊಳೆಯಬೇಕಾದುದು ಲಯ. 1975ರಲ್ಲಿ ಲಯವನ್ನು ಹೇಳಲು ಇಬ್ಬರಿದ್ದರು, ಗುಚ್ಛವನ್ನು ಪೂರ್ತಿಯಾಗಿ ಹೇಳುವವರಿರಲಿಲ್ಲ. ಇಲ್ಲಿ ಹೊಳೆಯಬೇಕಾದುದು ಗುಚ್ಛ. ಹಾಡೂ ಒಂದೇ, ಗಿಟಾರ್ ನುಡಿಸಿದ ಕೈಯೂ ಒಂದೇ. ಯಾವುದು ವಾಚ್ಯವಾಗಿ ನಿಂತಿತೋ ಅದಕ್ಕೆ ಅನುಗುಣವಾಗಿ ವ್ಯಂಗ್ಯವು ಬೇರೆಯಾಯಿತು. ಹಾಡಿನ ಸ್ವಭಾವವೂ ಇದಕ್ಕೆ ಅನುಕೂಲವಾಗಿದೆ. ಇದರ ಮೊದಲ ಖಂಡವು ವಿಷಾದಚ್ಛಾಯೆಯ ಗುಚ್ಛದಲ್ಲಿ ಆರಂಭವಾಗಿ ಪ್ರಸನ್ನವಾದ ಗುಚ್ಛದಲ್ಲಿ ನಿಲ್ಲುತ್ತದೆ. ಈ ಮಾರ್ಪಾಡು ಎಲ್ಲಿ ಆಯಿತೆಂದು ಪಿಯಾನೊ ಇದ್ದರೆ ಬೆರಳಿಟ್ಟು ತೋರಿಸಬಹುದು. ಇಲ್ಲಿ ಹಾಲರು ಆ ಸಂಧಿಯನ್ನು ತೆರೆದೇ ಬಿಡುವುದರಿಂದ, ನಾವು ಒಮ್ಮೆ ಪ್ರಸನ್ನತೆ ಬಂದಿತೆಂದು ತಿಳಿಯುವಷ್ಟರಲ್ಲಿ ಅದು ಆಗಲೇ ಬಂದಾಗಿರುತ್ತದೆ.

ಥೆಲೋನಿಯಸ್ ಮಂಕರ ‘ರೌಂಡ್ ಮಿಡ್‌ನೈಟ್’ 1944ರಲ್ಲಿ ಮೊದಲು ಮುದ್ರಿತವಾದ, ಜಾಝಿನವರಲ್ಲಿ ಅತಿಪರಿಚಿತವಾದ ಕೃತಿ. ಪರಿಚಯವೇ ಇದರ ಕಷ್ಟ. ರಾಮಕಥೆಯನ್ನು ಮತ್ತೊಮ್ಮೆ ಬರೆಯಹೊರಟ ಕವಿಯ ಪಾಡು ಇಲ್ಲಿ ವಾದಕನದು. ಆದರೆ ಲಾಭವೂ ಅಲ್ಲಿಯೇ ಇದೆ, ಏಕೆಂದರೆ ಎಲ್ಲರೂ ಬಲ್ಲ ಕಥೆಯಲ್ಲಿ ಸೂಚನೆ ಸಾಕು. ಜೆರೋಮ್ ಕರ್ನರ ‘ದಿ ವೇ ಯೂ ಲುಕ್ ಟುನೈಟ್’ 1936ರ ‘ಸ್ವಿಂಗ್ ಟೈಮ್’ ಎಂಬ ಚಲಚ್ಚಿತ್ರದ್ದು. ಆ ವರ್ಷದ ಅತ್ಯುತ್ತಮ ಗೀತಕ್ಕೆ ಸಲ್ಲುವ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಇದರ ಅಳತೆ ಇಮ್ಮಡಿ. ಮಧ್ಯಖಂಡದಲ್ಲಿ ಆಧಾರಶ್ರುತಿಯೇ ಮೇಲಕ್ಕೆ ಸರಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾಧಾರಣಗಾಂಧಾರವು ಷಡ್ಜವಾಗುತ್ತದೆ. ಗ್ರಹಭೇದವೆಂದು ಕರೆಯಲು ಮನಸ್ಸಾಗುತ್ತದೆ, ಆದರೆ ಸ್ವರಸಮೂಹವೂ ಬದಲಾಗುವುದರಿಂದ ಆ ಹೆಸರು ಸಲ್ಲದು. ಪ್ರಣಯದ ಈ ಮೃದುಗೀತವನ್ನು ಜಾಝಿನವರು ಓಟದ ನಡೆಯಲ್ಲಿ ನುಡಿಸುವುದುಂಟು. ಹಾಡಿನ ಮಾತುಗಳನ್ನು ಬಲ್ಲ ಆ ದೇಶದ ಶ್ರೋತೃಗಳಿಗೆ, ನುಡಿಸದ ಮಾತುಗಳೂ ಧಾಟಿಯ ಹಿಂದೆ ಕೇಳಿಸುತ್ತಿರುತ್ತವೆ. ಆ ಒಂದು ಪದರ ನಮಗೆ ದಕ್ಕುವುದಿಲ್ಲ.

ಮೊದಲ ಕೃತಿಯಾದ ‘ಏಂಜಲ್ ಐಸ್’ ವಿಷಯದಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. ಮ್ಯಾಟ್ ಡೆನಿಸರ ಈ ಹಾಡು ಪ್ರಣಯಭಂಗದ ದುಃಖವನ್ನು ಕುರಿತದ್ದು. ಹಾಲರ ನುಡಿತದಲ್ಲಿ ಬುದ್ಧಿಯ ಲವಲವಿಕೆ ಮುಂದಾಗಿ ದುಃಖವು ಹಿಂದೆ ಬಿದ್ದಿದೆ. ಔಚಿತ್ಯವನ್ನು ಕಾವ್ಯದ ಜೀವಿತವೆಂದ ಕ್ಷೇಮೇಂದ್ರನ ಮತವನ್ನು ಹಿಡಿದರೆ ಇಲ್ಲಿ ರಸೌಚಿತ್ಯಕ್ಕೆ ಸ್ವಲ್ಪ ಊನವಾಯಿತೆನ್ನಬೇಕು. ಸಂಯಮವೆಂಬುದು ಎಲ್ಲ ರಸಗಳಿಗೂ ಒಂದೇ ಪ್ರಮಾಣದಲ್ಲಿ ಒಗ್ಗುವ ಗುಣವಲ್ಲ. ಮತ್ತೊಂದು ಕೊರತೆಯೆಂದರೆ, ಸ್ವತಃ ರಚನಕಾರರಾದ ಹಾಲರ ಒಂದು ಕೃತಿಯೂ ಈ ತಟ್ಟೆಯಲ್ಲಿ ಸೇರದಿರುವುದು. ಅದೇ ವರ್ಷದ ಏಪ್ರಿಲಿನಲ್ಲಿ ಅವರು ಹಲವರ ಮೇಳದೊಡನೆ ಮುದ್ರಿಸಿದ ‘ಕಾನ್ಸಿಯೆರ್ಟೊ’ ಹೆಚ್ಚು ಖ್ಯಾತಿಯನ್ನು ಗಳಿಸಿತು. ಸ್ಪೇನಿನ ರೊದ್ರಿಗೋ ಅವರ ಗಿಟಾರ್ ಕೃತಿಯನ್ನಾಧರಿಸಿದ ಅದರ ಪ್ರಧಾನ ಭಾಗ ಮನೋಹರವೇ. ಆದರೆ ಅದರಲ್ಲಿ ಎಲ್ಲವನ್ನೂ ಯಾರಾದರೊಬ್ಬರು ಹೇಳಿಬಿಡುತ್ತಾರೆ.

ಉಳಿದಿಬ್ಬರನ್ನು ಪಕ್ಕವಾದ್ಯದವರೆಂದು ಕರೆದರೆ ತಪ್ಪಾಗುತ್ತದೆ. ಬಾಸಿನ ಸರದಿ ಬಂದಾಗ ಥಾಮ್ಸನ್ನರು ಮಂದ್ರದ ಕೆಲಸವನ್ನು ಬಿಟ್ಟು ಹಾಡತೊಡಗುವರು. ಆಗ ಹಾಲರು ಎರಡೆರಡು ಸ್ವರಗಳನ್ನು ಅಲ್ಲೊಂದು ಇಲ್ಲೊಂದು ಇಟ್ಟು ಚೌಕಟ್ಟನ್ನು ಕಾಯುವರು. ವಾಚ್ಯವನ್ನು ಹೊರುವ ಕೆಲಸ ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಕ್ಲಾರ್ಕರು ಕೋಲುಗಳನ್ನು ಹಿಡಿದಾಗಲೂ ತಂತಿಯ ಕುಂಚಗಳನ್ನು ಹಿಡಿದಾಗಲೂ ಗಿಟಾರಿನ ಕಡೆಯ ಸ್ವರ ಆರುವವರೆಗೆ ಅದರ ಮೇಲೆ ಬೀಳುವುದಿಲ್ಲ. ಈ ಮೂವರೇ ಮರುವರ್ಷ ಟೋಕಿಯೋ ನಗರದಲ್ಲಿ ನುಡಿಸಿದ ಮುದ್ರಿಕೆಯೂ ಉಂಟು. ಬರ್ಬನ್ ಸ್ಟ್ರೀಟಿನಲ್ಲಿ ಅಂದು ಹಿಡಿದಿಟ್ಟ ವಾದನದ ಉಳಿದ ಭಾಗಗಳು 2012ರಲ್ಲಿ ಎರಡು, ಮೂರು, ನಾಲ್ಕನೆಯ ಸಂಪುಟಗಳಾಗಿ ಪ್ರಕಟವಾದುವು. ಅಧ್ಯಯನ ಮಾಡುವವರು ಅವನ್ನೂ ನೋಡತಕ್ಕದ್ದು. ಹಾಲರಲ್ಲಿ ಕಲಿತ ಬಿಲ್ ಫ್ರಿಸೆಲ್, ಅವರೊಡನೆ ಜೋಡಿಯಾಗಿ ನುಡಿಸಿದ ಪ್ಯಾಟ್ ಮೆಥೀನಿ ಮೊದಲಾದ ಮುಂದಿನ ತಲೆಮಾರಿನ ಗಿಟಾರ್ ವಾದಕರಲ್ಲಿ ಈ ಮಾರ್ಗವು ಬೇರೆ ಬೇರೆಯಾಗಿ ಬೆಳೆದಿದೆ.

ಕಡೆಯದಾಗಿ ಶಾಸ್ತ್ರದ ಒಂದು ಸಂದೇಹ. ಈ ಅನುಕ್ತವನ್ನು ಧ್ವನಿಯ ಯಾವ ಪ್ರಭೇದದಲ್ಲಿ ಸೇರಿಸತಕ್ಕದ್ದು? ಕವಿರಾಜಮಾರ್ಗಕಾರನಂತೆ ಧ್ವನಿಯನ್ನು ಅಲಂಕಾರಗಳಲ್ಲಿ ಒಂದಾಗಿ ಎಣಿಸಿದರೆ ಕೆಲಸ ಸುಲಭವಾಗುತ್ತದೆ. ಆದರೆ ಇಲ್ಲಿ ಬಿಟ್ಟುದು ಒಡವೆಯಲ್ಲ, ಒಡಲಿನ ಅಂಗವೇ. ಆನಂದವರ್ಧನನ ವಿಭಾಗವನ್ನು ಹಿಡಿದರೆ, ಬಿಟ್ಟ ಗುಚ್ಛವು ಇದೇ ಎಂದು ಹೊಳೆಯುವಾಗ ಕ್ರಮವು ಕಾಣುತ್ತದೆ: ಮೊದಲು ಚೌಕಟ್ಟು, ಆಮೇಲೆ ತೆರಪು, ಆಮೇಲೆ ತುಂಬಿಕೆ. ಘಂಟೆಯ ಹೊಡೆತದ ಹಿಂದೆ ಅನುರಣನ ಬರುವಂತೆ ಇದು ಬರುವುದರಿಂದ ಸಂಲಕ್ಷ್ಯಕ್ರಮವೆನ್ನಬೇಕು. ಆದರೆ ಆ ತುಂಬಿಕೆಯಿಂದ ಹುಟ್ಟುವ ಭಾವವಿದೆಯಲ್ಲ, ‘ರ‍್ಯಾಪ್ಸಡಿ’ಯಲ್ಲಿ ವಿಷಾದವು ಪ್ರಸನ್ನತೆಗೆ ತಿರುಗಿದ್ದು ತಿರುಗಿದ ಮೇಲೆ ಮಾತ್ರ ತಿಳಿಯುವಂಥದು, ಅದರಲ್ಲಿ ಕ್ರಮವು ಇದ್ದರೂ ಲಕ್ಷ್ಯಕ್ಕೆ ಬಾರದು, ಅದು ಅಸಂಲಕ್ಷ್ಯಕ್ರಮ. ಒಂದೇ ತೆರಪಿನಲ್ಲಿ ಎರಡೂ ನೆಲೆಸಬಹುದೆಂದು ನನ್ನ ಪಕ್ಷ. ಗುಚ್ಛಗಳನ್ನು ಎಣಿಸಬಲ್ಲ ಶ್ರೋತೃವಿಗೆ ಮೊದಲನೆಯದು ಮೊದಲು ತೋರುವುದು. ಎಣಿಸಲಾರದವನಿಗೆ ಎರಡನೆಯದೊಂದೇ ತೋರುವುದು. ಇಬ್ಬರಲ್ಲಿ ಅಭಿನವಗುಪ್ತನು ಸಹೃದಯನೆಂದು ಕರೆಯುವುದು ಯಾರನ್ನು ಎಂಬುದನ್ನು ಲೋಚನವನ್ನು ಪಾಠಹೇಳುವ ವಿದ್ವಾಂಸರು ಮುದ್ರಿಕೆಯ ಮೂರನೆಯ ಕೃತಿಯ ಮಧ್ಯಖಂಡವನ್ನು ಕೇಳಿ ವಿಚಾರಿಸಬೇಕೆಂದು ಕೋರುತ್ತೇನೆ.